ಪಾಗಾರದ ಹೊರಗಿನ ಹೆಡ್ಮಾಸ್ತರು

ಪುತ್ತೂರಿನ ಆ ಹೈಸ್ಕೂಲಿಗೆ ಇಬ್ಬರು ಹೆಡ್ಮಾಸ್ತರು ಇದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಒಬ್ಬರು ಶಾಲೆಯ ಸುತ್ತಿನ ಗೋಡೆಯ, ಅಂದರೆ ಪಾಗಾರದ, ಒಳಗೆ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿರುತ್ತಿದ್ದರು. ಇನ್ನೊಬ್ಬರು ಪಾಗಾರದ ಹೊರಗೆ ಬಸಳೆ ಕೊಯ್ಯುತ್ತಿದ್ದರು. ಈ ಎರಡನೆಯವರು ನನ್ನ ಅಪ್ಪನ ಅಕ್ಕ, ನನಗೆ ಅತ್ತೆ. ಓದಿದ್ದು ಮೂರನೆಯ ಕ್ಲಾಸು. ಹೈಸ್ಕೂಲಿನ ಗೇಟು ಒಮ್ಮೆಯೂ ದಾಟಿದವರಲ್ಲ. ಆದರೂ ಅಲ್ಲಿ ಯಾರಿಗೆ ಸೀಟು ಸಿಗಬೇಕೆಂದು ತೀರ್ಮಾನಿಸುವವರು ತಾವೇ ಎಂದು ತಿಳಿದಿದ್ದರು. ಮಾವ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅತ್ತೆಗೆ ಇದ್ದದ್ದು ಒಂದು ಹಂಚಿನ ಮನೆ, ಹಿತ್ತಿಲಿಗೆ ತಾಗಿಕೊಂಡ ಆ ಶಾಲೆ.

ಐವತ್ತರ ದಶಕದಲ್ಲಿ ನಮ್ಮ ಕಡೆ ಹೈಸ್ಕೂಲೆಂದರೆ ಎಲ್ಲೋ ಒಂದು. ಅದಕ್ಕೂ ಪ್ರವೇಶ ಪರೀಕ್ಷೆ. ಪಾಸಾದರೂ ನಮ್ಮೂರು ಈಶ್ವರಮಂಗಲದಿಂದ ದಿನಾ ಹೋಗಿ ಬರುವುದುಂಟೇ? ಹಾಗಾಗಿ ನೆಂಟರ ಮಕ್ಕಳೆಲ್ಲ ಅತ್ತೆಯ ಮನೆಯಲ್ಲಿ ನಿಂತು ಓದುವುದು ರೂಢಿಯಾಗಿತ್ತು. ಅತ್ತೆಯೂ ಸುಮ್ಮನೆ ಕೂತವರಲ್ಲ. ಮದುವೆಗೆ ಹೋದರೂ ಅದೇ ಮಾತು, ಸತ್ತವರ ಬೊಜ್ಜದ ಊಟಕ್ಕೆ ಹೋದರೂ ಅದೇ ಮಾತು.

"ನಮ್ಮ ಶಾಲೆಯಲ್ಲಿ ಫೇಲಾದವ ಬೇರೆ ಕಡೆ ಮಾಸ್ತ್ರಾಗ್ಬಹುದು, ಗೊತ್ತುಂಟಾ?"

ಪಾಪ, ಸತ್ತವರನ್ನು ಹೊಗಳಲು ಬಂದವರು ಶಾಲೆಯನ್ನು ಹೊಗಳಿ ಎದ್ದು ಹೋಗುತ್ತಿದ್ದರು!

ಅಪ್ಪ ನನ್ನನ್ನು ಕರೆದುಕೊಂಡು ಹೋದ ದಿನ ಅತ್ತೆ ಹೊಸಿಲಲ್ಲೇ ತಡೆದರು.

"ಹದಿಮೂರರ ಮಗ್ಗಿ ಬರ್ತದಾ?"

"ಅಕ್ಕಾ, ಮೊದಲು ಕುಡಿಲಿಕ್ಕೆ ಎಂತಾದ್ರೂ ಕೊಡು. ಬಿಸಿಲಿಗೆ ಬಂದದ್ದು" ಎಂದರು ಅಪ್ಪ.

"ಕುಡಿಯುದು ಆಮೇಲೆ. ಇದೆಂತ ಕಂಡಕಂಡವರನ್ನು ಸೇರಿಸುವ ಶಾಲೆಯಾ?"

ಮಗ್ಗಿ ಒಪ್ಪಿಸಿದೆ. ಆಮೇಲೆಯೇ ಅಪ್ಪನಿಗೆ ಮಜ್ಜಿಗೆ ಸಿಕ್ಕಿತು.

ನಿಜವಾದ ಪರೀಕ್ಷೆಯ ದಿನ ನಾನು ಕಿಟಕಿಯ ಪಕ್ಕ ಕೂತಿದ್ದೆ. ನೋಡಿದರೆ ಪಾಗಾರದ ಮೇಲೆ ಅತ್ತೆಯ ತಲೆ! ಬೆರಳು ಮಡಚಿ ಬಿಡಿಸಿ ನನಗೆ ಏನೋ ಉತ್ತರ ತೋರಿಸುತ್ತಿದ್ದಾರೆ. ಪ್ರಶ್ನೆ ಏನೆಂದು ಅವರಿಗೆ ಹೇಳಿದವರು ಯಾರು? ಕೊನೆಗೆ ಶಾಲೆಯ ಜವಾನ ಹೋಗಿ ಕೈಮುಗಿದ.

"ಅಮ್ಮಾ, ಬಸಳೆ ಸ್ವಲ್ಪ ಆಚೆ ಬದಿಯಿಂದ ಕೊಯ್ಯಿರಿ ಮಾರಾಯ್ರೆ. ಮಕ್ಕಳೆಲ್ಲ ನಿಮ್ಮನ್ನೇ ನೋಡ್ತಾ ಇದ್ದಾರೆ."

ನನಗೆ ಸೀಟು ಸಿಕ್ಕಿತು. ಹೆಸರು ಅತ್ತೆಗೆ ಬಂತು!

ಮೊದಲ ದಿನಗಳಲ್ಲಿ ನಾನು ಚಾಪೆಯಲ್ಲಿ ಮುಖ ಮುಚ್ಚಿಕೊಂಡು ಅಮ್ಮನನ್ನು ನೆನೆದು ಅಳುತ್ತಿದ್ದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಸಾಕು, ಎಲ್ಲರಿಗೂ ಊರಿನ ಬಸ್ಸಿನದೇ ಧ್ಯಾನ. ಆದರೆ ಅತ್ತೆಯ ಕಾನೂನು ಬಿಡಬೇಕಲ್ಲ! ಮಗ್ಗಿ ಒಪ್ಪಿಸಿದವರಿಗೆ ಮಾತ್ರ ಬಸ್ಸು. ತಪ್ಪಿದವರು ಆ ವಾರ ಅಲ್ಲೇ ಇರಬೇಕು. ವಾರವೆಲ್ಲ ಏಳು ಎಂಟರ ಮಗ್ಗಿ ಕೇಳುವವರು ಶನಿವಾರ ಮಾತ್ರ ಹದಿನೇಳಕ್ಕೆ ಹಾರುತ್ತಿದ್ದರು. ಅಜ್ಜಾವರದಿಂದ ಬಂದಿದ್ದ ನಮ್ಮ ಚಿಕ್ಕಪ್ಪನ ಮಗನಂತೂ ಅದರಲ್ಲಿ ಪ್ರತಿ ಸಲ ಮುಗ್ಗರಿಸುತ್ತಿದ್ದ. ತಪ್ಪಿದವರಿಗೆ ರವಿವಾರ ಏನು ಶಿಕ್ಷೆ ಅನ್ನುತ್ತೀರಿ? ಕಾಯಿಹಾಲು ಹಾಕಿದ ಪಾಯಸ! ಇದೆಂಥ ಶಿಕ್ಷೆ ಎಂದು ನಾವು ಯೋಚಿಸಲೇ ಇಲ್ಲ. ಎರಡೆರಡು ಸಲ ಬಡಿಸಿಕೊಂಡು ತಿಂದೆವು.

ಅರವತ್ತರ ದಶಕ ಬಂದದ್ದೇ ತಡ, ಸುತ್ತಲೆಲ್ಲ ಹೊಸ ಹೈಸ್ಕೂಲುಗಳು ಎದ್ದವು. ಅಲ್ಲಿ ಪರೀಕ್ಷೆಯೂ ಇಲ್ಲ, ಯಾರು ಹೋದರೂ ಸೀಟು. ಅಪ್ಪ ನನ್ನ ತಮ್ಮನನ್ನು ಊರಿನ ಹತ್ತಿರದ ಶಾಲೆಗೇ ಸೇರಿಸಿಬಿಟ್ಟರು. ಸುದ್ದಿ ಕೇಳಿ ಅತ್ತೆ ಬಸ್ಸು ಹಿಡಿದು ಬಂದರು.

"ಹತ್ತಿರ ಉಂಟು ಅಂತ ಶಾಲೆ ಒಳ್ಳೆದಾಗ್ತದಾ? ಅದಕ್ಕೆ ಹೆಸರುಂಟಾ, ಎಂತ ಉಂಟು?"

ಅಪ್ಪ ನಕ್ಕುಬಿಟ್ಟರು. "ನಿನ್ನ ಶಾಲೆ ಒಳ್ಳೆದಾದದ್ದು ಹೇಗೆ ಅಕ್ಕಾ? ನಿನಗೆ ಹತ್ತಿರ ಉಂಟು, ಅಷ್ಟೇ ಅಲ್ವಾ?"

ನಾವೂ ನಕ್ಕೆವು. ಅತ್ತೆ ನಗಲಿಲ್ಲ. ಊಟಕ್ಕೂ ನಿಲ್ಲದೆ ಹೊರಟುಹೋದರು.

ಆ ವರ್ಷದಿಂದ ಅವರ ಮನೆಗೆ ಹೊಸ ಮಕ್ಕಳು ಬರಲಿಲ್ಲ. ಇದ್ದವರೂ ಓದು ಮುಗಿಸಿ ಹೋದರು. ನಾನು ಕುಂಬ್ರದ ಕಡೆ ಒಂದು ಶಾಲೆಯಲ್ಲಿ ಟೀಚರಾದೆ. ಒಂದು ಶನಿವಾರ ರಜೆ ಹಾಕಿ ಪುತ್ತೂರು ಪೇಟೆಗೆ ಬಂದವಳು ಅತ್ತೆಯ ಮನೆಗೆ ಹೋದೆ. ಅಡುಗೆಮನೆಯ ಗೋಡೆಗೆ ನಮ್ಮ ಊಟದ ಮಣೆಗಳು ಸಾಲಾಗಿ ಒರಗಿದ್ದವು. ಒಂದರ ಮೇಲೂ ಧೂಳಿಲ್ಲ. ದಿನಾ ಒರೆಸಿಡುತ್ತಾರಂತೆ. ಆಚೆ ಶಾಲೆಯ ಗಂಟೆ ಹೊಡೆಯಿತು. ಮಕ್ಕಳು ಗಲಾಟೆ ಮಾಡುತ್ತ ಹೊರಗೆ ಓಡಿದರು. ಅತ್ತೆ ಮಾತು ನಿಲ್ಲಿಸಿ, ಸದ್ದು ಪೂರ್ತಿ ದೂರವಾಗುವವರೆಗೆ ಕಿವಿಗೊಟ್ಟು ಕೂತರು. ಆ ಶಾಲೆ ಅವರಿಗೆ ಯಾಕೆ ಅಷ್ಟು ದೊಡ್ಡದಾಗಿತ್ತೆಂದು ಆಗ ನನಗೆ ತಿಳಿಯಿತು.

ಸಂಜೆಯ ಬಸ್ಸಿಗೆಂದು ಎದ್ದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಹದಿನೇಳೆಂಟಲೆ ಎಷ್ಟು?"

ದಿನಾ ಮಕ್ಕಳಿಗೆ ಹೇಳಿಕೊಡುವ ಮಗ್ಗಿ. ನೂರ ಮೂವತ್ತಾರು ನಾಲಗೆಯ ತುದಿಯವರೆಗೆ ಬಂದಿತ್ತು. ಅವರ ಮುಖ ನೋಡಿದೆ.

"ನೂರ ಮೂವತ್ತೇಳು."

"ತಪ್ಪು!" ಅತ್ತೆಯ ಮುಖ ಅರಳಿತು. "ಟೀಚರಂತೆ ಟೀಚರ್! ಇವತ್ತು ಮನೆಗೆ ಹೋಗುದು ಬೇಡ."

ನಾನು ಚೀಲ ಕೆಳಗಿಟ್ಟೆ. ಅತ್ತೆ ಕಾಯಿ ತುರಿಯಲು ಒಳಗೆ ಹೋದರು.