ಜಗಲಿಯ ಮೇಲಿನ ಮೋಟರು

ನಮ್ಮ ಮನೆಯಲ್ಲಿ ಒಂದು ವಸ್ತು ಸುಮ್ಮನೆ ಕೆಟ್ಟು ಸುಮ್ಮನೆ ರಿಪೇರಿಯಾದದ್ದೇ ಇಲ್ಲ. ಮೊನ್ನೆ ಮಿಕ್ಸಿ ನಿಂತುಹೋಯಿತು. ಅಪ್ಪಯ್ಯ ಅದನ್ನು ಬಿಚ್ಚಿ ಜಗಲಿಯಲ್ಲಿ ಪೇಪರಿನ ಮೇಲೆ ಹರಡಿ ಕೂತರು. ಅಮ್ಮ ಇಣುಕಿ ನೋಡಿ, "ಇನ್ ಅರೆಯೂ ಕಲ್ಲೇ ಗತಿ" ಎಂದು ಒಳಗೆ ಹೋದರು. ನನಗೆ ಸೀಮೆಎಣ್ಣೆಯ ವಾಸನೆ ಬಂದ ಹಾಗಾಯಿತು. ಮಿಕ್ಸಿಗೆ ಸೀಮೆಎಣ್ಣೆ ಯಾರೂ ಹಾಕಿರಲಿಲ್ಲ. ಅದು ನಾನು ಐದನೇ ಕ್ಲಾಸಿನಲ್ಲಿದ್ದ ಮಳೆಗಾಲದ ವಾಸನೆ.

ಕುಂದಾಪುರದ ಹೊಳೆಬದಿಯ ನಮ್ಮ ಮನೆಯಲ್ಲಿ ಆಗ ಅಪ್ಪಯ್ಯ, ಅಮ್ಮ, ಅಜ್ಜಿ, ನಾನು, ಒಂದು ದನ, ಅದರ ಕರು. ಅಪ್ಪಯ್ಯ ಬೇರೆಯವರ ಬೋಟಿಗೆ ಹೋಗುತ್ತಿದ್ದರು. ನಾನು ಏಳುವ ಮೊದಲೇ ಹೊರಡುವವರು, ನಾನು ಮಲಗಿದ ಮೇಲೆ ಬರುವವರು. ಹಗಲು ಹೊತ್ತಿನಲ್ಲಿ ಅಪ್ಪಯ್ಯ ಹೇಗೆ ಕಾಣುತ್ತಾರೆಂದು ನನಗೆ ಸರಿಯಾಗಿ ಗೊತ್ತಾದದ್ದು ಬೋಟು ನಿಂತು ಅವರು ಮನೆಯಲ್ಲೇ ಉಳಿದ ಆ ಮಳೆಗಾಲದಲ್ಲೇ. ಅವರದೇ ಒಂದು ಸಣ್ಣ ದೋಣಿ ಹೊಳೆಬದಿಯಲ್ಲಿ ಮಗುಚಿ ಬಿದ್ದಿತ್ತು. ಕಾರವಾರದ ಬದಿಯಲ್ಲಿದ್ದ ಮಾವ ಹೇಳಿಕಳಿಸಿದ್ದರು: ದೋಣಿಗೊಂದು ಮೋಟರು ಕಟ್ಟಿಕೊಂಡು ಬಾ, ಸೀಸನ್ನು ಮುಗಿಯುವವರೆಗೆ ಇಲ್ಲೇ ಮೀನು ಹಿಡಿಯುವ. ಅಂದರೆ ಮೋಟರು ಸ್ಟಾರ್ಟ್ ಆದರೆ ಅಪ್ಪಯ್ಯ ಶ್ರಾವಣದ ನೂಲಹುಣ್ಣಿಮೆ ಕಳೆದು ಹೊರಡುವವರು, ತಿರುಗಿ ಬರುವುದು ಬೇಸಿಗೆ ರಜೆ ಮುಗಿಯುವಾಗ. ಸ್ಟಾರ್ಟ್ ಆಗದಿದ್ದರೆ ಮನೆಯಲ್ಲೇ.

ನಾನು ಯಾರ ಹತ್ತಿರವೂ ಏನೂ ಹೇಳಲಿಲ್ಲ. ಹೇಳುವ ಅಭ್ಯಾಸ ನನಗೆ ಈಗಲೂ ಕಮ್ಮಿ.

ಬೈಂದೂರಿನ ಬಸ್ಸಿನ ರೋಗಿ

ಮೋಟರು ತರಲು ಬೈಂದೂರಿಗೆ ಹೋದದ್ದು ನಾನೂ ಅಪ್ಪಯ್ಯನೂ. ಅದು ಯಾರದೋ ಹಿತ್ತಿಲಲ್ಲಿ ತೆಂಗಿನ ಮರಕ್ಕೆ ಒರಗಿ ಎರಡು ಮಳೆಗಾಲ ಕಳೆದಿತ್ತು. ಉಪ್ಪುಗಾಳಿ ತಿಂದು ಮೈಮೇಲೆಲ್ಲ ಬಿಳಿ ಪುಡಿ ಎದ್ದಿತ್ತು. ಎಣ್ಣೆ ಸೋರಬಾರದೆಂದು ಹಳೆ ಕಂಬಳಿಯಲ್ಲಿ ಸುತ್ತಿ ಬಸ್ಸಿನ ಕಿಟಕಿ ಬದಿಗೆ ಕೂರಿಸಿದೆವು. ಪಕ್ಕದಲ್ಲಿ ನಾನು, ನನ್ನ ಪಕ್ಕ ಅಪ್ಪಯ್ಯ. ಎರಡು ಸ್ಟಾಪು ಕಳೆಯುವುದರೊಳಗೆ ಅಪ್ಪಯ್ಯನಿಗೆ ನಿದ್ರೆ.

ಮರವಂತೆಯಲ್ಲಿ ಹತ್ತಿದ ಮೀನು ಮಾರುವ ಹೆಂಗಸೊಬ್ಬರು ನಮ್ಮ ಸೀಟಿನ ಹತ್ತಿರ ನಿಂತು ಕಂಬಳಿಯನ್ನು ಕರುಣೆಯಿಂದ ನೋಡಿದರು. "ಯಾರಿಗ್ ಹುಷಾರಿಲ್ಲೆ ಮಗಾ? ಅಜ್ಜನಿಗಾ?"

ಗುರುತಿಲ್ಲದವರ ಹತ್ತಿರ ನನಗೆ ಮಾತು ಹೊರಡುತ್ತಿರಲಿಲ್ಲ. ತಲೆಯನ್ನು ಹೌದೂ ಅಲ್ಲವೂ ಎನ್ನುವ ಹಾಗೆ ಆಡಿಸಿದೆ.

"ಜ್ವರವಾ?"

ಮತ್ತೆ ಹಾಗೆಯೇ ಆಡಿಸಿದೆ. ಅವರು ಕಂಬಳಿಯೊಳಗೆ ಕೈ ಹಾಕಿ ಹಣೆ ಮುಟ್ಟಿ ನೋಡಿದವರು ಬಸ್ಸು ನಡುಗುವ ಹಾಗೆ ಕೂಗಿದರು. "ಹ್ವಾಯ್ ಕಂಡಕ್ಟ್ರೇ, ಬಸ್ ನಿಲ್ಸಿ! ಇವ್ರ್ ಮೈ ಆಗ್ಳೇ ತಣ್ಣಗಾಯ್ತ್!"

ಬಸ್ಸು ನಿಂತೇಬಿಟ್ಟಿತು. ಅಪ್ಪಯ್ಯ ಕಣ್ಣು ಬಿಟ್ಟು, ಸುತ್ತ ನಿಂತ ಜನರನ್ನು ನೋಡಿ ಹೇಳಿದರು: "ಅದ್ ತಣ್ಣಗಾಯಿ ಎರಡ್ ವರ್ಷ ಆಯ್ತ್ ಅಕ್ಕಾ. ಈಗ ಮನೆಗ್ ತಕಂಡ್ ಹೋಯಿ ಬಿಸಿ ಮಾಡ್ಕ್."

ಅಜ್ಜಿಯ ಎಣ್ಣೆ

ಜಗಲಿಯೇ ವರ್ಕ್‌ಶಾಪಾಯಿತು. ಕಾರ್ಬರೇಟರು ಸೀಮೆಎಣ್ಣೆಯಲ್ಲಿ ನೆನೆಯಿತು, ನೆನೆದದ್ದು ಅಮ್ಮನ ಮೀನು ಸಾರಿನ ಪಾತ್ರೆಯಲ್ಲಿ. ಪಿಸ್ಟನ್ನು ಮಾತ್ರ ಸಿಲಿಂಡರಿನೊಳಗೆ ತುಕ್ಕು ಹಿಡಿದು ಕೂತುಬಿಟ್ಟಿತ್ತು. ಅಪ್ಪಯ್ಯ ಮರದ ತುಂಡು ಇಟ್ಟು ಬಡಿದರು, ಬೈದರು, ಒಂದು ವಾರ ಅದರ ಜೊತೆ ಮಾತು ಬಿಟ್ಟರು.

ಅಜ್ಜಿ ಊರಿನ ಶಿಶುಗಳಿಗೆಲ್ಲ ಎಣ್ಣೆ ಹಚ್ಚಿ ಮೀಯಿಸಿದವರು. "ಬಡ್ದ್ರೆ ಯಾರ್ ಮಾತ್ ಕೇಂತ್ರ್ ಮಗಾ?" ಎಂದು ದಿನಾ ಸಂಜೆ ಬಿಸಿ ತೆಂಗಿನೆಣ್ಣೆ ತಂದು ಸಿಲಿಂಡರಿಗೆ ಹೊಯ್ದು, ಹೊರಗಿನಿಂದ ಅಂಗೈಯಲ್ಲಿ ತಿಕ್ಕತೊಡಗಿದರು. ಅಪ್ಪಯ್ಯ ನಕ್ಕರು. ಎಂಟನೆಯ ದಿನ ಪಿಸ್ಟನ್ನು ಬೆರಳಲ್ಲಿ ಒತ್ತಿದರೆ ಜಾರುವಷ್ಟು ಸಡಿಲವಾಯಿತು. ಅಪ್ಪಯ್ಯ ನಗು ನಿಲ್ಲಿಸಿದರು.

ಅಜ್ಜಿಯ ಹೆಸರು ಕೇರಿಯಲ್ಲೆಲ್ಲ ಹಬ್ಬಿತು. ಜಂಗು ಹಿಡಿದ ಬೀಗ ಬಂತು, ಸೈಕಲ್ಲಿನ ಚೈನು ಬಂತು, ಹೊಲಿಗೆ ಮಿಶನ್ನು ಬಂತು. ಕಡೆಗೆ ಹಿಂದಿನ ಮನೆಯವರು ಹಬ್ಬಕ್ಕೆ ಬಂದು ಯಾರ ಹತ್ತಿರವೂ ಮಾತಾಡದೆ ಬಿಗಿದುಕೊಂಡು ಕೂತಿದ್ದ ತಮ್ಮ ಅಳಿಯನನ್ನೇ ಕರೆದುಕೊಂಡು ಬಂದರು.

ಎಷ್ಟು ಎಕರೆ?

ಒಂದು ಬೋಲ್ಟು ಒಳಗೇ ತುಂಡಾಯಿತು. ಅದನ್ನು ಕೊರೆದು ತೆಗೆಯಬಲ್ಲವರು ಬ್ರಹ್ಮಾವರದಲ್ಲಿದ್ದಾರೆಂದು ಯಾರೋ ಹೇಳಿದರು. ಹೋದೆವು. ಅದು ಗದ್ದೆಯ ಪಂಪ್‌ಸೆಟ್ ರಿಪೇರಿ ಅಂಗಡಿ. ಯಜಮಾನರು ಮೋಟರನ್ನು ತಿರುಗಿಸಿ ಮಗುಚಿ ನೋಡಿ, "ಇದ್ ನೀರ್ ಮೇಲೆ ಎತ್ತೂದಲ್ದಲೆ, ಹಿಂದಕ್ಕೆ ನೂಕೂದ್!" ಎಂದು ಆಶ್ಚರ್ಯಪಟ್ಟರು.

"ಹೌದ್. ನೀರ್ ಹಿಂದೆ ಹೋದ್ರೆ ದೋಣಿ ಮುಂದ್ ಹೋತ್ತ್."

"ಅದ್ ಸರಿ. ಆದ್ರೆ ಅಷ್ಟ್ ನೀರ್ ದಂಡ ಆಯ್ತಲೆ?"

ಆದರೂ ಕೆಲಸಕ್ಕೆ ಒಪ್ಪಿ ಚೀಟಿ ಬರೆಯಲು ಕೂತರು. ಹೆಸರು ಕೇಳಿದರು, ಊರು ಕೇಳಿದರು. "ಗದ್ದೆ?"

"ಗದ್ದೆ ಇಲ್ಲೆ. ಸಮುದ್ರ."

ಗದ್ದೆ ಎಂದಿದ್ದ ಕಡೆ 'ಸಮುದ್ರ' ಎಂದು ದುಂಡಗೆ ಬರೆದುಕೊಂಡು, ತಲೆಯೆತ್ತದೆ ಕೇಳಿದರು: "ಒಟ್ಟ್ ಎಷ್ಟ್ ಎಕ್ರೆ?"

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪಯ್ಯ ಅದನ್ನು ನೆನೆದು ನೆನೆದು ನಕ್ಕರು. ಸಾಸ್ತಾನ, ಕೋಟ ಕಳೆದರೂ ಅವರ ನಗು ನಿಲ್ಲಲಿಲ್ಲ. ಅವರ ಭುಜ ಕುಲುಕುವಾಗೆಲ್ಲ ನನ್ನ ಭುಜವೂ ಕುಲುಕುತ್ತಿತ್ತು. ಕುಂದಾಪುರ ಇಷ್ಟು ಹತ್ತಿರ ಯಾಕಿದೆ ಎಂದು ನನಗೆ ಬೇಜಾರಾಯಿತು.

ಪುಸ್ತಕ ಓದಿದ್ದು

ಮೋಟರಿನ ಜೊತೆ ಒರಲೆ ತಿಂದು ಮುಗಿಸಿದ ಮೇಲೆ ಉಳಿದ ಅರ್ಧ ಪುಸ್ತಕವೊಂದು ಬಂದಿತ್ತು, ಇಂಗ್ಲಿಷಿನಲ್ಲಿ. ಅಪ್ಪಯ್ಯನಿಗೆ ಇದು ದೊಡ್ಡ ಸಂಗತಿಯೇ ಅಲ್ಲ. "ನಮ್ ಹೆಣ್ಣ್ ಇಂಗ್ಲಿಷ್ ಮೀಡಿಯಮ್. ಅವ್ಳ್ ಓದಿ ಹೇಳ್ತ್ಳ್" ಎಂದು ಹೊಳೆಬದಿಗೆಲ್ಲ ಸಾರಿಬಿಟ್ಟರು.

ನಮ್ಮ ಶಾಲೆಯ ಇಂಗ್ಲಿಷಿನಲ್ಲಿ ಹಸು ಇತ್ತು, ಮಳೆಬಿಲ್ಲು ಇತ್ತು, ರಜೆ ಬೇಡುವ ಪತ್ರ ಇತ್ತು. ಗೇರು, ಗ್ಯಾಸ್ಕೆಟ್ಟು ಇರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆ. ಆ ಪುಸ್ತಕದಲ್ಲಿ ನನಗೆ ಸಲೀಸಾಗಿ ಅರ್ಥವಾದದ್ದು ಪ್ರತಿ ಪುಟದ ತುದಿಯಲ್ಲಿ ದಪ್ಪಕ್ಷರದಲ್ಲಿದ್ದ ಎಚ್ಚರಿಕೆ ಮಾತ್ರ.

"ಎಂತ ಬರ್ದಿದ್ರ್ ಮಗಾ?"

"ಜಾಗ್ರತೆ ಮಾಡಿ ಅಂತ ಬರ್ದಿದ್ರ್ ಅಪ್ಪಯ್ಯ."

ಅಪ್ಪಯ್ಯ ಜಾಗ್ರತೆ ಮಾಡಿದರು. ಮುಂದಿನ ಪುಟ.

"ಇಲ್ಲಿ?"

"ಇಲ್ಲೂ ಜಾಗ್ರತೆ ಮಾಡ್ಕಂಬ್ರ್."

ಒಂದು ಪುಟಕ್ಕೆ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದೆ. ನಿಜ ಹೇಳುವುದಾದರೆ ಎರಡೇ ನಿಮಿಷದಲ್ಲಿ ಮುಗಿಯುವ ಓದು ಅದು. ಆದರೆ ಓದುವಷ್ಟು ಹೊತ್ತೂ ಅಪ್ಪಯ್ಯ ಮೊಣಕಾಲು ಮಡಚಿ ನನ್ನ ಪಕ್ಕದಲ್ಲೇ ಕೂತು, ನನ್ನ ಬೆರಳು ಹೋದಲ್ಲೆಲ್ಲ ಕಣ್ಣು ಹಾಯಿಸುತ್ತಿದ್ದರು. ಹಾಗಾಗಿ ಓದಿದ್ದನ್ನೇ ತಿರುಗಿ ಓದುತ್ತಿದ್ದೆ.

ಆರನೆಯ ಪುಟಕ್ಕೆ ಅಪ್ಪಯ್ಯ ಪುಸ್ತಕವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು. "ಅಲ್ಲ ಮಗಾ, ಇದ್ ಕಂಪ್ನಿಯವ್ರ್ ಬರ್ದದ್ದಾ, ನಿನ್ ಅಜ್ಜಿ ಬರ್ದದ್ದಾ?"

ಡ್ರಮ್ಮು

ಹೊಳೆಗಿಳಿಸುವ ಮೊದಲು ಮೋಟರನ್ನು ಅಂಗಳದಲ್ಲೇ ಪರೀಕ್ಷೆ ಮಾಡಬೇಕಿತ್ತು. ಒಲೆ ಮೇಲಿನ ಹಂಡೆಯಿಂದ ಬಿಸಿನೀರು ತೋಡಿ ಮೀಯಲು ಡ್ರಮ್ಮಿನಲ್ಲಿ ಹದ ಮಾಡಿಟ್ಟಿದ್ದರು ಅಮ್ಮ. ಅಪ್ಪಯ್ಯ ಮೋಟರಿನ ಕಾಲನ್ನು ಅದರೊಳಗೇ ಇಳಿಸಿ ಹಗ್ಗ ಎಳೆದರು. ಹದಿನಾಲ್ಕು ಸಲ ಕೆಮ್ಮಿದ ಮೋಟರು ಹದಿನೈದನೆಯ ಸಲ ಕೂಗಿತು. ನೀರು ಕಾರಂಜಿಯ ಹಾಗೆ ಎದ್ದು, ಏನಾಯಿತೆಂದು ನೋಡಲು ಓಡಿಬಂದ ಅಮ್ಮನ ನೆತ್ತಿಯ ಮೇಲೇ ಬಿತ್ತು.

ಅಮ್ಮ ಸೀರೆಯ ಸೆರಗು ಹಿಂಡುತ್ತಾ, "ಇಷ್ಟ್ ವರ್ಷಕ್ಕೆ ಒಂದ್ ದಿನ ಆದ್ರೂ ನಿಮ್ ಕೈಯಿಂದ ಮೀಯ್ಸ್ಕಂಡೆ" ಎಂದರು.

ಎಲ್ಲರೂ ನಕ್ಕರು. ಮೋಟರು ಮಾತ್ರ ನಿಲ್ಲದೆ ಚೆನ್ನಾಗಿ ಓಡುತ್ತಲೇ ಇತ್ತು. ನಗು ಮುಗಿದ ಮೇಲೆ ಅಮ್ಮ ಒದ್ದೆ ಸೀರೆಯಲ್ಲೇ ಒಳಗೆ ಹೋದರು, ಅಜ್ಜಿ ಎಣ್ಣೆಯ ಪಾತ್ರೆ ಎತ್ತಿಟ್ಟರು.

ಮಂಗಳೂರಿನ ಪಿನ್ನು

ಹುಣ್ಣಿಮೆಯ ದಿನ ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಬಿಟ್ಟಾಯಿತು. ಮರುದಿನ ಹೊಳೆಯಲ್ಲಿ ಒಂದು ಸುತ್ತು ನೋಡಿ, ಅದರ ಮರುದಿನ ದೋಣಿಯನ್ನೂ ಮೋಟರನ್ನೂ ಟೆಂಪೊಗೆ ಹೇರಿ ಕಾರವಾರಕ್ಕೆ ಹೊರಡುವುದೆಂದು ಗೊತ್ತಾಗಿತ್ತು.

ಮೋಟರಿನ ತುದಿಯಲ್ಲಿ ನೀರು ತಳ್ಳುವ ಎಲೆಗಳು ತಿರುಗಬೇಕಾದರೆ ಒಂದು ಸಣ್ಣ ಹಿತ್ತಾಳೆ ಪಿನ್ನು ಬೇಕು. ಡ್ರಮ್ಮಿನ ಪರೀಕ್ಷೆಯ ಮೇಲೆ ಬಿಚ್ಚಿಟ್ಟಿದ್ದ, ಕಿರುಬೆರಳಷ್ಟೂ ಇಲ್ಲದ ಅದನ್ನು ತಿರುಗಿ ಸಂದಿಯಲ್ಲಿ ತೂರಿಸುವ ಕೆಲಸ ನನ್ನ ಸಣ್ಣ ಬೆರಳುಗಳದ್ದು. ಆ ಸಂಜೆ ಅಪ್ಪಯ್ಯ ಆಚೆ ಸ್ಪಾನರು ಒರೆಸುತ್ತಾ ಕೇಳಿದರು: "ಪಿನ್ ಹಾಕ್ದ್ಯಾ ಮಗಾ?"

"ಹ್ಞೂಂ."

ನನ್ನ ಜೀವಮಾನದ ಅತಿ ಚಿಕ್ಕ ಸುಳ್ಳು ಅದು. ಪಿನ್ನು ನನ್ನ ಕಂಪಾಸ್ ಬಾಕ್ಸಿನಲ್ಲಿತ್ತು.

ಬೆಳಿಗ್ಗೆ ಹೊಳೆಗೆ ಹೊರಡುವಾಗ ಮೋಟರು ಎಳೆಯುವ ಹಗ್ಗ ಕಾಣಲಿಲ್ಲ. ಅಪ್ಪಯ್ಯ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿಕೊಂಡರು. ಹೊಸ ಪ್ಲಗ್ಗೂ ಕಾಣಲಿಲ್ಲ. ಹಳೆಯದನ್ನೇ ಉಜ್ಜಿ ಹಾಕಿದರು. ಹೊಳೆಬದಿಯಲ್ಲಿ ಜನ ಸೇರಿದ್ದರು. ಹಗ್ಗ ಎಳೆದದ್ದೇ ಮೋಟರು ಆಚೆ ದಡಕ್ಕೆ ಕೇಳುವ ಹಾಗೆ ಗರ್ಜಿಸಿತು. ಹೊಗೆ ಎದ್ದಿತು. ಜನ ಹೋ ಎಂದರು. ದೋಣಿ ಇದ್ದಲ್ಲೇ ಇತ್ತು.

ಅಪ್ಪಯ್ಯ ಇನ್ನೂ ಜೋರು ಕೊಟ್ಟರು. ಗರ್ಜನೆ ಎರಡು ಪಟ್ಟಾಯಿತು. ಅಷ್ಟರಲ್ಲಿ ಸಮುದ್ರದ ಇಳಿತಕ್ಕೆ ಹೊಳೆಯ ನೀರು ಇಳಿಯತೊಡಗಿ, ದೋಣಿ ಮೆಲ್ಲಗೆ ಅಡ್ಡಡ್ಡ ತೇಲಿ, ಮೊಣಕಾಲು ನೀರಿನಲ್ಲಿ ಚಿಪ್ಪು ಹೆಕ್ಕುತ್ತಿದ್ದ ಹೆಂಗಸರ ಬದಿಗೆ ಬಂತು. ಒಬ್ಬರು ಬುಟ್ಟಿ ಹಿಡಿದುಕೊಂಡು ನಡೆದೇ ಅದನ್ನು ದಾಟಿ ಮುಂದೆ ಹೋದರು. ಹೋಗುವಾಗ ತಿರುಗಿ, "ಅಣ್ಣಾ, ಇಷ್ಟ್ ಜೋರ್ ಬಿಡ್ಬೇಡಿ, ನಂಗಳ್ ಕಾಲಿಗ್ ತಾಗ್ತ್!" ಎಂದರು.

ದೋಣಿಯನ್ನು ಬಿದಿರ ಜಲ್ಲೆ ಹಾಕಿ ದಡಕ್ಕೆ ತಂದರು. ಮನೆಗೆ ಬಂದು ಎಲೆಗಳನ್ನು ಬಿಚ್ಚಿದರೆ ಒಳಗೆ ಪಿನ್ನೂ ಇಲ್ಲ, ಪಿನ್ನಿನ ತುಂಡೂ ಇಲ್ಲ. ಅಪ್ಪಯ್ಯ ನನ್ನ ಕಡೆ ನೋಡಿದರು. ನಾನು ಒಳಗೆ ಹೋಗಿ ಕಂಪಾಸ್ ಬಾಕ್ಸ್ ತಂದು ಅವರ ಮುಂದೆ ತೆರೆದಿಟ್ಟು, ಅಳಬಾರದೆಂದು ನೆಲ ನೋಡುತ್ತಾ ನಿಂತೆ.

ಸ್ವಲ್ಪ ಹೊತ್ತಿಗೆ ಅಮ್ಮ ಅಡಿಗೆಮನೆಯಿಂದ ಬಂದರು. ಪಿನ್ನಿನ ಪಕ್ಕದಲ್ಲಿ ಹೊಸ ಪ್ಲಗ್ಗು ಇಟ್ಟು, ಯಾರ ಮುಖವನ್ನೂ ನೋಡದೆ, "ಸಾಸ್ಮಿ ಡಬ್ಬಿಯೊಳ್ಗ್ ಸಿಕ್ತ್. ಹ್ಯಾಂಗ್ ಹೋಯ್ತೋ" ಎಂದರು. ಪ್ಲಗ್ಗಿನ ತುದಿಯಲ್ಲಿ ನಾಲ್ಕು ಸಾಸಿವೆ ಕಾಳು ಅಂಟಿದ್ದವು.

ಅಪ್ಪಯ್ಯ ಈಗ ಅಜ್ಜಿಯ ಕಡೆ ತಿರುಗಿದರು. "ನನ್ನ್ ಎಂತಕ್ ಕಾಂತೆ? ಮೋಟರ್ ಸಂಗ್ತಿ ನಂಗೆಂತ ಗೊತ್ತಿತ್ತ್?" ಎಂದು ಅಜ್ಜಿ ಗದರುವಾಗಲೇ ಹಟ್ಟಿಯಿಂದ ತಪ್ಪಿಸಿಕೊಂಡ ಕರು ಅಂಗಳದಲ್ಲಿ ಹಾದುಹೋಯಿತು. ಅದರ ಕುತ್ತಿಗೆಯಲ್ಲಿ ಮೋಟರಿನ ಹಗ್ಗ. ಎಳೆಯುವ ಮರದ ಹಿಡಿ ಗಂಟೆಯ ಹಾಗೆ ತೂಗುತ್ತಿತ್ತು.

ಅಪ್ಪಯ್ಯ ಜಗಲಿಯಲ್ಲಿ ಕೂತುಬಿಟ್ಟರು. "ಎರಡ್ ತಿಂಗ್ಳ್ ನಾನೊಬ್ನೇ ಕೂಕಂಡ್ ಜೋಡ್ಸಿದೆ. ಬಿಚ್ಚೂಕೆ ಮನಿಯಂಗೇ ಮೂರ್ ಜನ ಮೆಕ್ಯಾನಿಕ್ ಇದ್ರಲೆ!" ನಗಲು ಹೋದರು. ನಗು ಅರ್ಧಕ್ಕೆ ನಿಂತು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು.

ಆಮೇಲೆ ಹೊರಟದ್ದು ಹೌದು. ಎಂಟು ಸೀಸನ್ನು ಹೋದರು. ನಾನು ಹತ್ತನೇ ಕ್ಲಾಸು ಪಾಸಾದದ್ದು ಅವರಿಗೆ ಗೊತ್ತಾದದ್ದು ಫೋನಿನಲ್ಲಿ. ಆದರೆ ಆ ಸಲ ಮರುದಿನ ಬೆಳಿಗ್ಗೆ ಟೆಂಪೊ ಬಂದು ಹಾರ್ನ್ ಹೊಡೆದಾಗ ಅಪ್ಪಯ್ಯ ಅಂಗಳಕ್ಕಿಳಿದು ಡ್ರೈವರಿಗೆ ಹೇಳಿದರು:

"ಇವತ್ ಹೋಪುಕಾತಿಲ್ಲೆ ಮಾರಾಯ. ಒಂದ್ ಪಿನ್ ತುಂಡಾಯ್ತ್. ಮಂಗ್ಳೂರಿಂದ ಬರ್ಕ್. ಮೂರ್ ದಿನ ಆತ್ತ್."

ಪಿನ್ನು ಅವರ ಅಂಗಿಯ ಕಿಸೆಯಲ್ಲೇ ಇತ್ತು. ತೆಳು ಕಿಸೆಯಲ್ಲಿ ಅದರ ಗುರುತು ಎದ್ದದ್ದು ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ಕಾಣುತ್ತಿತ್ತು. ಅಮ್ಮನಿಗೂ ಕಂಡಿರಬೇಕು. ಅವರು ದೋಸೆಯ ಕಾವಲಿ ಒಲೆಯ ಮೇಲಿಟ್ಟರು.

ಅಜ್ಜಿ ಒಳಗಿನಿಂದಲೇ ಕೂಗಿ ಹೇಳಿದರು: "ಮಂಗ್ಳೂರಿಂದ್ ಬ್ಯಾಡ ಮಗಾ, ಬೊಂಬಾಯಿಂದ್ಲೇ ತರ್ಸ್! ನಿಧಾನ ಆದ್ರೂ ಅಡ್ಡಿಲ್ಲೆ!"