ರೈಸ್ ಕೊಟ್ಟು ಕೆಟ್ಟೆ

ಸದ್ದೇ ಮಾಡದ ಗಾಡಿಯನ್ನು ನಂಬಬೇಡ ಎಂದು ನಾನು ಬಾಯಿ ಬಾಯಿ ಬಡಿದುಕೊಂಡೆ. ಬಾಗಲಗುಂಟೆಯಲ್ಲಿ ನನ್ನ ಮಾತನ್ನು ಯಾರೂ ಕೇಳುವುದಿಲ್ಲ, ಮನೆಯಲ್ಲಂತೂ ಕೇಳುವ ಪದ್ಧತಿಯೇ ಇಲ್ಲ. ನನ್ನ ಹೆಂಡತಿ ಮಹಾದೇವಿಗೆ ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿತ್ತು. ಸೋಮವಾರದಿಂದ ಡ್ಯೂಟಿ. ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವವಳು ತಾನಲ್ಲ ಎಂದು ಎಲೆಕ್ಟ್ರಿಕ್ ಸ್ಕೂಟರನ್ನೇ ತೆಗೆದುಕೊಂಡಳು. ಬಣ್ಣ ಆರಿಸಿದವಳು ಅವಳು, ಆರ್‌ಸಿ ಅವಳ ಹೆಸರಿನಲ್ಲಿ. ಚಾವಿಯನ್ನು ಮಾತ್ರ ನಾನು ನನ್ನ ಅಂಗಿಯ ಜೇಬಿಗೆ ಇಳಿಸಿದೆ.

ಕಾರಣವಿತ್ತು. ಹುಬ್ಬಳ್ಳಿಯ ರಸ್ತೆಗಳಲ್ಲಿ ಒದ್ದು ಸ್ಟಾರ್ಟ್ ಮಾಡುವ ಸ್ಕೂಟರುಗಳನ್ನು ಪಳಗಿಸಿದ ಮಹಾಸಾರಥಿ ನಾನು. ಶೋರೂಮಿನವರು ಥ್ರಾಟಲ್ ಹೇಗೆ ತಿರುಗಿಸಬೇಕೆಂದು ವಿವರಿಸುತ್ತಿದ್ದಾಗ ಮಹಾದೇವಿ ಪಾಠ ಕೇಳುವ ಹಾಗೆ ಕೇಳುತ್ತಿದ್ದಳು. ನಾನು ಹೊಸ ಗಾಡಿಯ ಕನ್ನಡಿಯಲ್ಲಿ ಮೀಸೆ ಸರಿಮಾಡಿಕೊಳ್ಳುತ್ತಿದ್ದೆ. ಈಜು ಬಲ್ಲವನಿಗೆ ಬಕೆಟ್ ನೀರಿನ ಬಗ್ಗೆ ಉಪನ್ಯಾಸವೇ?

ಭಾನುವಾರ ಬೆಳಿಗ್ಗೆ ಅವಳು ಚಾವಿ ಕೇಳಿದಳು. ನಾನು ಒಂದು ಷರತ್ತು ಹಾಕಿದೆ. ಗಾಡಿಯನ್ನು ರಸ್ತೆಯಿಂದ ಕಾಂಪೌಂಡಿನೊಳಗೆ ಯಾರು ಸರಿಯಾಗಿ ತಂದು ನಿಲ್ಲಿಸುತ್ತಾರೋ ಚಾವಿ ಅವರದು, ಸೋತವರು ಹಿಂದಿನ ಸೀಟು.

"ಮಾತು ತಪ್ಪಬಾರ್ದು ನೋಡ್ರಿ" ಎಂದಳು.

ನಾನು ಮಾತಿಗೆ ತಪ್ಪುವವನೇ ಅಲ್ಲ ಎಂದೆ. (ತಪ್ಪುವ ಅವಕಾಶವನ್ನು ಅವಳು ಇದುವರೆಗೆ ಕೊಟ್ಟಿಲ್ಲ.)

ನಮ್ಮದು ಮೇಲಿನ ಮನೆ. ಕೆಳಗೆ ಓನರ್ ಪದ್ಮಾವತಮ್ಮ. ಗೇಟಿನ ಮುಂದೆ ಮೋರಿ, ಮೋರಿಯ ಮೇಲೆ ಇಳಿಜಾರಾಗಿ ಹಾಕಿದ ಚಪ್ಪಡಿ. ಇಂಥ ಚಪ್ಪಡಿ ಹತ್ತಿಸಲು ನಮ್ಮ ಬೀದಿಯ ಗಂಡಸರಿಗೆಲ್ಲ ಒಂದು ಸಂಪ್ರದಾಯವಿದೆ. ಗಾಡಿಯಿಂದ ಇಳಿದು, ಪಕ್ಕದಲ್ಲಿ ನಿಂತು, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಥ್ರಾಟಲ್ ತಿರುಗಿಸಿ ಸಣ್ಣಗೆ ರೈಸ್ ಕೊಡುತ್ತ ಜೊತೆಗೇ ನಡೆಯುವುದು. ಪೆಟ್ರೋಲ್ ಗಾಡಿ ಗುರ್ ಗುರ್ ಎಂದು ಗೊಣಗುತ್ತ ಹಿಂದೆಯೇ ಬರುತ್ತದೆ. ನಾನೂ ಹಾಗೆಯೇ ಹ್ಯಾಂಡಲ್ ಹಿಡಿದು ಪಕ್ಕದಲ್ಲಿ ನಿಂತೆ.

ಚಾವಿ ತಿರುಗಿಸಿ ಬಟನ್ ಒತ್ತಿದೆ. ಸದ್ದಿಲ್ಲ. ಸ್ಟಾರ್ಟೇ ಆಗಿಲ್ಲವೇನೋ ಎಂದು ಪರೀಕ್ಷಿಸಲು ಒಮ್ಮೆ ಗಟ್ಟಿಯಾಗಿ ರೈಸ್ ಕೊಟ್ಟೆ. ಗಾಡಿ ಹೊರಟೇಬಿಟ್ಟಿತು.

ಓಡಿಹೋಗುವ ವಸ್ತುವನ್ನು ಮನುಷ್ಯನಾದವನು ಏನು ಮಾಡುತ್ತಾನೆ? ಹಿಡಿದು ಹಿಂದಕ್ಕೆ ಎಳೆಯುತ್ತಾನೆ. ನಾನೂ ಎಳೆದೆ. ಎಳೆದ ಹಾಗೆಲ್ಲ ಹಿಡಿಕೆ ನನ್ನ ಕಡೆಗೆ ತಿರುಗಿತು, ತಿರುಗಿದ ಹಾಗೆಲ್ಲ ಗಾಡಿ ಇನ್ನೂ ಜೋರಾಗಿ ಓಡಿತು, ಅದು ಓಡಿದ ಹಾಗೆಲ್ಲ ನಾನು ಇನ್ನೂ ಬಲವಾಗಿ ಎಳೆದೆ. ಚಪ್ಪಡಿ ಹತ್ತಿದ್ದು ಗೊತ್ತಾಗಲಿಲ್ಲ. ಗೇಟು ದಾಟಿದ್ದು ಗೊತ್ತಾಗಲಿಲ್ಲ. ಒಂದು ಚಪ್ಪಲಿ ಮೋರಿಗೆ ಅರ್ಪಿತವಾದದ್ದು ಆಮೇಲೆ ತಿಳಿಯಿತು.

"ಕೈ ಬಿಡ್ರೀ" ಎಂದು ಮಹಾದೇವಿ ಹಿಂದಿನಿಂದ ಕೂಗುತ್ತಲೇ ಇದ್ದಳು. (ಮಂಟಪದಲ್ಲಿ ಹಿಡಿದ ಕೈಯನ್ನೇ ಬಿಡದವನು ಹ್ಯಾಂಡಲ್ ಬಿಡುತ್ತೇನೆಯೇ?)

ಒಳಗೆ ಬಿಸಿಲಿನಲ್ಲಿ ಪದ್ಮಾವತಮ್ಮನವರು ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟಿದ್ದರು. ಗಾಡಿ ಅದರ ಈ ತುದಿಯಿಂದ ಆ ತುದಿಗೆ ಹೋಯಿತು. ಸೀರೆಯ ತುದಿ ಚಕ್ರಕ್ಕೆ ಸುತ್ತಿಕೊಂಡು, ಗಾಡಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಪಕ್ಕಕ್ಕೆ ಒರಗಿತು. ನಾನು ಸಂಡಿಗೆಯ ನಡುವೆ ಪವಡಿಸಿದೆ.

ಪದ್ಮಾವತಮ್ಮ ಹೊರಗೆ ಬಂದು ನನ್ನನ್ನೂ ಸಂಡಿಗೆಯನ್ನೂ ನೋಡಿದರು. "ಒಣಗಿದ್ಯಾ ಅಂತ ನೋಡೋಕೆ ಗಾಡೀಲೇ ಬರ್ಬೇಕಿತ್ತಾ, ಸಂಗಣ್ಣೋರೇ?" ಎಂದರು. ಅವಮಾನದಿಂದ ಕುಗ್ಗಿಹೋದೆ. ಏಳಲು ಹೋದರೆ ಬೆನ್ನಿಗೆ ಸಂಡಿಗೆ ಅಂಟಿಕೊಂಡು ಸೀರೆಯೂ ಜೊತೆಗೇ ಎದ್ದಿತು.

ಮಹಾದೇವಿ ಸೀರೆ ಬಿಡಿಸಿ, ಗಾಡಿಯನ್ನು ಆಫ್ ಮಾಡಿಯೇ ರಸ್ತೆಗೆ ತಳ್ಳಿಕೊಂಡು ಹೋಗಿ, ಸೀಟಿನ ಮೇಲೆ ಕುಳಿತಳು. ಬ್ರೇಕ್ ಹಿಡಿದು ಆನ್ ಮಾಡಿ, ಬ್ರೇಕ್ ಬಿಟ್ಟು, ಉಪ್ಪು ಹಾಕುವಷ್ಟು ಸಣ್ಣಗೆ ಕೈ ತಿರುಗಿಸಿದಳು. ಗಾಡಿ ಚಪ್ಪಡಿ ಹತ್ತಿತು. ಕೈ ಸಡಿಲ ಬಿಟ್ಟಳು, ನಿಧಾನವಾಯಿತು. ಬ್ರೇಕ್ ಒತ್ತಿದಳು, ನಿಂತಿತು.

"ಕೆಳಗ ನಿಂತು ರೈಸ್ ಕೊಡಬ್ಯಾಡ್ರಿ, ಮ್ಯಾಲ ಕುಂತ ಕೊಡ್ರಿ ಅಂತ ಶೋರೂಮಿನಾಗ ಅಷ್ಟು ಸಲ ಹೇಳಿದ್ರು" ಎಂದು ಚಾವಿ ತೆಗೆದು ಸೆರಗಿಗೆ ಕಟ್ಟಿಕೊಂಡಳು.

ಸೋಮವಾರದಿಂದ ನಾನು ಹಿಂದಿನ ಸೀಟು. ನನ್ನ ಫ್ಯಾಕ್ಟರಿ ಗೇಟಿನ ಮುಂದೆ ಎಲ್ಲರ ಎದುರು ನನ್ನನ್ನು ಇಳಿಸಿ, ಟಿಫಿನ್ ಡಬ್ಬಿ ಕೈಗಿತ್ತು ಹೋಗುತ್ತಾಳೆ. ಒಂದು ವಾರ ಸಹಿಸಿದೆ. ಆಮೇಲೆ ನಾಚಿಕೆ ಬಿಟ್ಟು, ಕ್ಷೌರಕ್ಕೆ ಕಟಿಂಗ್ ಶಾಪಿಗಾದರೂ ಹೋಗಿಬರುತ್ತೇನೆ, ಚಾವಿ ಕೊಡು ಎಂದು ಗೋಗರೆದೆ.

ಮೊದಲು ಕೈ ಪಳಗಲಿ ಎಂದು ಅವಳು ಅಡುಗೆಮನೆಗೆ ಕರೆದೊಯ್ದು ಲಟ್ಟಣಿಗೆಯನ್ನು ನನ್ನ ಬಲಗೈಗೆ ಕೊಟ್ಟಳು. ಇದೇ ಥ್ರಾಟಲ್ ಅಂತೆ. ಮೆತ್ತಗೆ ತಿರುಗಿಸಿದೆ, ಬಿಟ್ಟೆ, ಮತ್ತೆ ತಿರುಗಿಸಿದೆ.

"ಗಾಡಿ ಓಡಾಕತ್ತೈತಿ, ಈಗೇನ್ ಮಾಡ್ತೀರಿ?" ಎಂದಳು.

ನಾನು ಲಟ್ಟಣಿಗೆಯನ್ನು ಶಕ್ತಿಮೀರಿ ಹಿಂದಕ್ಕೆ ಎಳೆದೆ.

"ಫೇಲ್" ಎಂದಳು. ಆಮೇಲೆ ಕರುಣೆ ತೋರಿ, "ಹೆಂಗೂ ಕೈಯಾಗ ಐತಿ, ಆ ಹಿಟ್ಟಿನ ಉಂಡಿ ಅಷ್ಟು ಲಟ್ಟಿಸಿಬಿಡ್ರಿ. ಕೈಗೆ ಹದ ಬರ್ತೈತಿ" ಎಂದಳು.

ಹದ ಬಂತು. ನನ್ನ ಚಪಾತಿ ಈಗ ದುಂಡಗೆ, ತೆಳ್ಳಗೆ ಬರುತ್ತದೆ. ಪದ್ಮಾವತಮ್ಮನವರೇ ಸಂಡಿಗೆಯ ಸಿಟ್ಟು ಮರೆತು ಹೊಗಳಿದ್ದಾರೆ. ಥ್ರಾಟಲ್ ಪರೀಕ್ಷೆ ಮಾತ್ರ ದಿನಾ ಸಂಜೆ ನಡೆಯುತ್ತಲೇ ಇದೆ. ಕೈ ಇನ್ನೂ ಸ್ವಲ್ಪ ಒರಟು ಎನ್ನುತ್ತಾಳೆ ಮಹಾದೇವಿ, ಬಿಸಿ ಚಪಾತಿ ಮುರಿಯುತ್ತ. ನೆಂಟರು ಬಂದ ದಿನ ಪರೀಕ್ಷೆ ತುಸು ದೊಡ್ಡದು.