ಸ್ಪ್ಯಾನಿಷ್‌ನಲ್ಲಿ ನನ್ನ ಆಜ್ಞೆಗಳು

ನಾನು ಏನಾದರೂ ಮಾಡಿ ಅಂತ ಹೇಳಿದರೆ, ನಾನು ಅಂದುಕೊಂಡದ್ದೊಂದು ಬಿಟ್ಟು ಉಳಿದದ್ದೆಲ್ಲ ಆಗುತ್ತದೆ. ವಿಜಯವಾಡದ ಆಟೋನಗರದಲ್ಲಿ ಗೇರ್ ಕೊರೆಯುವ ಷೆಡ್ ಕಟ್ಟಿ ನಡೆಸುತ್ತಿರುವ ಇಷ್ಟು ವರ್ಷದಲ್ಲಿ ಇದು ತಪ್ಪಿದ್ದಿಲ್ಲ. ಹೋದ ವರ್ಷವಂತೂ ಸ್ಪ್ಯಾನಿಷ್‌ನಲ್ಲೂ ಆಯಿತು.

ಸ್ಪೇನಿನಿಂದ ತರಿಸಿದ ಯಂತ್ರ ಕೂರಿಸಲು ಅಲ್ಲಿಂದಲೇ ಮೂವರು ಎಂಜಿನಿಯರುಗಳು ಬಂದರು. ಇಂಗ್ಲಿಷ್ ಬಾರದು. "ಅಮ್ಮಾ, ದುಭಾಷಿ ಕರೆಸೋಣ" ಅಂದರು ನಮ್ಮ ಮೇಸ್ತ್ರಿ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆಮೇಲೆ ಓದಿದ್ದೆಲ್ಲ ನಾನಾಗಿ ಕಲಿತು ಓದಿದ್ದು. "ದುಭಾಷಿ ಬಂದ ದಿನ ಷೆಡ್ಡಿನ ಬೀಗದ ಕೈ ನಿಮ್ಮದು" ಅಂದುಬಿಟ್ಟೆ. ವಿಶಾಖಪಟ್ಟಣದ ಫುಟ್‌ಪಾತಿನಲ್ಲಿ ಕೊಂಡ ಸ್ಪ್ಯಾನಿಷ್ ಪುಸ್ತಕದಲ್ಲಿ, ಹಲವರಿಗೆ ಒಟ್ಟಿಗೆ ಆಜ್ಞೆ ಮಾಡುವ ಪಾಠವೊಂದನ್ನೇ ಬಾಯಿಪಾಠ ಮಾಡಿದೆ. ಷೆಡ್ ನಡೆಸುವವಳಿಗೆ ಉಳಿದ ವ್ಯಾಕರಣ ಯಾಕೆ?

ರಾಹುಕಾಲ

ಮೊದಲ ದಿನ ಅವರು ಯಂತ್ರಕ್ಕೆ ಕೈ ಹಾಕುವ ಹೊತ್ತಿಗೆ ರಾಹುಕಾಲ ಶುರುವಾಯಿತು. "ನೋ ತೋಕೆನ್!" ಅಂದೆ. ಮುಟ್ಟಬೇಡಿ ಅಂತ. ಮೂವರೂ ಹಿಂದೆ ಸರಿದರು. ರಾಹುಕಾಲ ಮುಗಿದು, ಪೂಜೆಯಾಗಿ, ಯಂತ್ರಕ್ಕೆ ಕುಂಕುಮ ಹಚ್ಚಿದ ಮೇಲೂ ಹತ್ತಿರ ಬರಲಿಲ್ಲ.

"ಆಜ್ಞೆ ಕೊಟ್ಟವರೇ ವಾಪಸ್ ತಗೋಬೇಕಮ್ಮಾ" ಅಂದರು ಮೇಸ್ತ್ರಿ.

"ತೋಕೆನ್!" ಅಂದೆ. ಮುಟ್ಟಿ ಅಂತ. ಪೂಜೆ ಇನ್ನೂ ಮುಗಿದಿಲ್ಲ ಅಂದುಕೊಂಡರೋ ಏನೋ, ಮೂವರೂ ಯಂತ್ರದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ನಮ್ಮ ಪುರೋಹಿತರಿಗೂ ಅಷ್ಟು ಭಕ್ತಿ ಇರಲಿಲ್ಲ.

ಬಾಳೆಎಲೆ

ಯಂತ್ರ ಓಡಿದ ದಿನ ಮನೆಯಲ್ಲಿ ಊಟ. "ಕೋಮನ್, ಕೋಮನ್" ಅಂತ ಬಡಿಸಿದೆ. ತಿನ್ನಿ, ತಿನ್ನಿ ಅಂತ. ಎಲೆಯಲ್ಲಿ ಬಿಟ್ಟರೆ ಅವಮಾನ ಅಂತ ಅವರು ಖಾಲಿ ಮಾಡುವುದು. ಎಲೆ ಖಾಲಿ ಇದ್ದರೆ ಅವಮಾನ ಅಂತ ನಾನು ಬಡಿಸುವುದು. ಆರನೇ ಸಲ ಪುಳಿಹೋರ ಬಂದಾಗ ಕಿರಿಯವನ ಕಣ್ಣಲ್ಲಿ ನೀರು. ಕೊನೆಗೆ ಮೇಸ್ತ್ರಿ ಎಲೆಗೆ ಅಡ್ಡಲಾಗಿ ಕೈ ಹಿಡಿದು ತೋರಿಸಿಕೊಟ್ಟರು. ಮರುದಿನ ನಾನು ಟೀ ತಂದರೂ ಮೂವರೂ ಲೋಟಕ್ಕೆ ಅಡ್ಡ ಕೈ!

ಬೀಳ್ಕೊಡುಗೆ

ಹೊರಡುವ ದಿನ. ಇನ್ನೊಂದು ಗಂಟೆಗೆ ವಿಶಾಖಪಟ್ಟಣದ ರೈಲು. ಹೊರಟವರಿಗೆ ಬರೀ "ಹೋಗಿ" ಅನ್ನುವುದುಂಟೇ? "ವಾಯಾನ್ ಇ ವೆಂಗಾನ್" ಅಂದೆ. ಹೋಗಿ ಬನ್ನಿ.

ಗೇಟಿನವರೆಗೆ ಹೋದರು. ಬಂದರು.

ಹೊರಟವರು ಹಿಂದಿರುಗಿದರೆ ಕೂತು ನೀರು ಕುಡಿದೇ ಹೊರಡಬೇಕಲ್ಲ? ಕೂರಿಸಿದೆ, ಕುಡಿಸಿದೆ, ಮತ್ತೆ ಹೋಗಿ ಬನ್ನಿ ಅಂದೆ. ಈ ಸಲ ಬೀದಿಯ ತಿರುವಿನ ತನಕ ಹೋಗಿ ಬಂದರು.

ಮೇಸ್ತ್ರಿ ಫೋನ್ ಹಿಡಿದರು. "ದುಭಾಷಿಗೆ ಮಾಡ್ಲಾ? ಇಲ್ಲಾ, ಒಂದೇ ಒಂದು ಸಲ 'ಹೋಗಿ' ಅಂದುಬಿಡಿ, ಪಾಪ ತಟ್ಟಲ್ಲ."

"ಅತಿಥಿಗಳಿಗಾ? ನನ್ನ ಬಾಯಲ್ಲಿ ಬರಲ್ಲ. ಫೋನ್ ಒಳಗಿಡಿ."

ಮೂವರನ್ನೂ ಆಟೋಗೆ ತುಂಬಿ, ಮೇಸ್ತ್ರಿಯನ್ನೂ ಹತ್ತಿಸಿಕೊಂಡು ನಾನೇ ಸ್ಟೇಷನ್ನಿಗೆ ಹೊರಟೆ. ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ರೈಲು ಹೊರಟಿತು. ದುಭಾಷಿ ಬರಲಿಲ್ಲ, ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಗೆದ್ದ ಖುಷಿಗೆ ಕೈಬೀಸಿ ಕೂಗಿಯೇಬಿಟ್ಟೆ: "ವಾಯಾನ್ ಇ ವೆಂಗಾನ್!"

ಕಿರಿಯವನು ಬ್ಯಾಗ್ ಹಿಡಿದು ಬಾಗಿಲಿಗೆ ಬಂದ. ಹಿರಿಯರಿಬ್ಬರೂ ಅವನ ಕಾಲರ್ ಹಿಡಿದು ಒಳಗೆ ಎಳೆದರು. ಮೇಸ್ತ್ರಿ, ಇಷ್ಟು ವರ್ಷ ನನ್ನ ಮುಂದೆ ದನಿ ಎತ್ತದ ಮನುಷ್ಯ, ಪ್ಲಾಟ್‌ಫಾರಂ ನಡುಗುವಂತೆ ನನಗೇ ಆಜ್ಞೆ ಮಾಡಿದರು:

"ಅಮ್ಮಾ, ಬಾಯಿ ಮುಚ್ಚಿ!"

ನನ್ನ ಜೊತೆ ಪ್ಲಾಟ್‌ಫಾರಮ್ಮಿನಲ್ಲಿದ್ದ ಹತ್ತು ಹನ್ನೆರಡು ಅಮ್ಮಂದಿರೂ ಬಾಯಿ ಮುಚ್ಚಿದರು.